ಅಮೆರಿಕದ ಅಕ್ರಮ–ಸಕ್ರಮಕ್ಕೆ ಕಡಿವಾಣ: ವೀಸಾ ಇರುವವರಿಗೂ ಬಿಸಿ ತಟ್ಟುತ್ತದೆಯೇ?

ಪ್ರಶ್ನೆ: ನಮ್ಮ ಮಗ ಏಳು ವರ್ಷಗಳಿಂದ ಡಲ್ಲಾಸ್‌ನಲ್ಲಿ ಎಚ್-1ಬಿ ವೀಸಾದ ಮೇಲೆ ಕೆಲಸ ಮಾಡುತ್ತಿದ್ದಾನೆ. ಸೊಸೆ ಎಚ್-4 (ಸಂಗಾತಿಯ) ವೀಸಾದಲ್ಲಿದ್ದಾಳೆ. ಇಎಡಿ ಕಾರ್ಡ್ (ಕೆಲಸದ ಪರವಾನಗಿ) ಸಿಕ್ಕ ಮೇಲೆ ಅವಳೂ ಕೆಲಸಕ್ಕೆ ಹೋಗುತ್ತಿದ್ದಾಳೆ. ಮೊಮ್ಮಗಳು ಹುಟ್ಟಿದ್ದು ಹಾಸನದಲ್ಲಿ, ಈಗ ಅವಳಿಗೆ 13. ಅಕ್ರಮ ವಲಸೆ ತಡೆಯುವ, ಅಧ್ಯಕ್ಷರು ತಾವಾಗಿಯೇ ಸಾಮೂಹಿಕ ಕ್ಷಮಾದಾನ ಕೊಡದಂತೆ ಕಟ್ಟಿಹಾಕುವ ಮಸೂದೆಗಳ ಸುದ್ದಿ ಆಗಾಗ ಬರುತ್ತದೆ. ‘ನಾವೆಲ್ಲ ಕಾನೂನು ಪ್ರಕಾರ ಬಂದವರು, ನಮಗೂ ಅದಕ್ಕೂ ಸಂಬಂಧವಿಲ್ಲ’ ಅನ್ನುತ್ತಾನೆ ಮಗ. ನಿಜವೇ? ಇನ್ನೊಂದು ವಿಷಯ. ನನ್ನ ತಂಗಿಯ ಮಗ 2019ರಲ್ಲಿ ಓದಲು ಹೋದವನು ಕೋರ್ಸ್ ಅರ್ಧಕ್ಕೆ ಬಿಟ್ಟು ಅಂಗಡಿಯೊಂದರಲ್ಲಿ ಕೆಲಸ ಮಾಡಿಕೊಂಡಿದ್ದಾನೆ. ‘ಸುಮ್ಮನಿರು, ಬೇರೆ ಅಧ್ಯಕ್ಷರು ಬಂದಾಗ ಎಲ್ಲರನ್ನೂ ಸಕ್ರಮ ಮಾಡುತ್ತಾರೆ’ ಎಂದು ಪರಿಚಯದವರು ಹೇಳಿದ್ದಾರಂತೆ. ಅವನು ಕಾಯಬಹುದೇ?
(ಹಾಸನದ ಓದುಗರು)

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲೇ ಹೇಳಿಬಿಡುತ್ತೇನೆ: ಕಾಯುವುದು ಬೇಡ. ಯಾಕೆ ಎಂಬುದಕ್ಕೆ ಕೊನೆಯಲ್ಲಿ ಬರುತ್ತೇನೆ. ಅದು ಸರಿಯಾಗಿ ಮನಸ್ಸಿಗೆ ಇಳಿಯಬೇಕಾದರೆ ಈ ಕ್ಷಮಾದಾನದ ಪೂರ್ವಕಥೆ ಗೊತ್ತಿರಬೇಕು. ಇನ್ನು ಮಗನ ಮಾತು ಅರ್ಧ ಸರಿ. ಆ ಮಸೂದೆಗಳನ್ನು ಬರೆದವರ ಕಣ್ಣು ನಿಮ್ಮ ಮಗನ ಮೇಲಿಲ್ಲ. ಆದರೆ ಅವರು ಕಡಿಯಲು ಹೊರಟ ಕೊಂಬೆಯ ಮೇಲೇ ನಿಮ್ಮ ಸೊಸೆಯ ಕೆಲಸದ ಕಾರ್ಡೂ ಕೂತಿದೆ. ಇಪ್ಪತ್ತು ವರ್ಷಗಳಿಂದ ವಲಸೆಯ ಕಡತಗಳನ್ನೇ ನೋಡುತ್ತಿರುವ ನನಗೆ, ನಮ್ಮವರು ಇದನ್ನು ‘ಅವರ ಸಮಸ್ಯೆ’ ಎಂದು ತಳ್ಳಿಹಾಕುವಾಗ ನಿಜಕ್ಕೂ ಸಂಕಟವಾಗುತ್ತದೆ.

ಕರ್ನಾಟಕದವರಿಗೆ ಈ ವಿಷಯ ಹೇಳುವುದು ಸುಲಭ. ನಮ್ಮಲ್ಲಿ ‘ಅಕ್ರಮ–ಸಕ್ರಮ’ ಎಂಬ ಮಾತೇ ಇದೆ. ನಕ್ಷೆ ಮೀರಿ ಕಟ್ಟಿದ ಮನೆ, ಬಗರ್‌ಹುಕುಂ ಸಾಗುವಳಿಯ ಜಮೀನು ಇಂಥ ದಿನಾಂಕಕ್ಕಿಂತ ಮೊದಲಿನದ್ದಾಗಿದ್ದರೆ ಅರ್ಜಿ ಹಾಕಿ, ಹಣ ಕಟ್ಟಿ ಸಕ್ರಮ ಮಾಡಿಕೊಳ್ಳಿ ಎನ್ನುವ ಏರ್ಪಾಡು. ಕಟ್ಟಡಗಳ ಸಕ್ರಮಕ್ಕೆ 2007ರಲ್ಲಿ ನಮ್ಮ ವಿಧಾನಮಂಡಲ ಕಾಯ್ದೆಗೆ ತಿದ್ದುಪಡಿ ತಂದಾಗ ಎದ್ದ ಪ್ರಶ್ನೆ ನಿಮಗೆ ನೆನಪಿರಬಹುದು: ‘ನಕ್ಷೆಯಂತೆ, ಸುತ್ತಲೂ ಜಾಗ ಬಿಟ್ಟು ಮನೆ ಕಟ್ಟಿದವರೇನು ದಡ್ಡರೇ?’ ವಿಷಯ ಕೋರ್ಟ್ ಮೆಟ್ಟಿಲೇರಿ, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅಮೆರಿಕದಲ್ಲಿ ‘ಆಮ್ನೆಸ್ಟಿ’ (ಕ್ಷಮಾದಾನ) ಎಂಬ ಪದ ಕೇಳಿದ ಕೂಡಲೇ ಕೆರಳುವವರ ಪ್ರಶ್ನೆಯೂ ಇದೇ. ವರ್ಷಗಟ್ಟಲೆ ಸಾಲಿನಲ್ಲಿ ನಿಂತವರೇನು ದಡ್ಡರೇ ಎಂಬುದು. ಆ ಸಾಲಿನಲ್ಲಿ ನಿಂತವರಲ್ಲಿ ನಿಮ್ಮ ಮಗನೂ ಒಬ್ಬನಾದ್ದರಿಂದ ಆ ಸಿಟ್ಟು ಅವನಿಗೂ ಅರ್ಥವಾಗುತ್ತದೆ. ಅದನ್ನು ತಪ್ಪು ಎನ್ನಲಾರೆ.

ಅಲ್ಲಿ ನಿಜವಾದ ಅಕ್ರಮ–ಸಕ್ರಮ ನಡೆದದ್ದು ಒಂದೇ ಸಲ. 1986ರ ನವೆಂಬರ್ 6ರಂದು ಅಧ್ಯಕ್ಷ ರೊನಾಲ್ಡ್ ರೇಗನ್ ಸಹಿ ಹಾಕಿದ ಕಾಯ್ದೆಯ ಪ್ರಕಾರ, 1982ರ ಜನವರಿ 1ಕ್ಕಿಂತ ಮೊದಲಿಂದ ಅಲ್ಲಿ ನೆಲೆಸಿದ್ದವರಿಗೆ ಮತ್ತು ಹೊಲಗದ್ದೆಗಳಲ್ಲಿ ದುಡಿಯುತ್ತಿದ್ದ ಒಂದು ವರ್ಗಕ್ಕೆ ದಾಖಲೆ ಸಿಕ್ಕಿತು. ಸುಮಾರು 27 ಲಕ್ಷ ಜನ ಸಕ್ರಮರಾದರು. ಅದಕ್ಕೆ ಪ್ರತಿಯಾಗಿ ಕೊಟ್ಟ ಭರವಸೆ, ಇನ್ನು ಮುಂದೆ ದಾಖಲೆ ಇಲ್ಲದವರಿಗೆ ಕೆಲಸ ಕೊಡುವ ಮಾಲೀಕರಿಗೆ ದಂಡ ಬೀಳುತ್ತದೆ ಎಂಬುದು. ಸಕ್ರಮ ಪೂರ್ತಿಯಾಯಿತು, ದಂಡದ ಭಾಗ ಕುಂಟುತ್ತಲೇ ಹೋಯಿತು. ಕೆಲಸಗಾರ ತೋರಿಸಿದ ಕಾಗದ ನೋಡುವುದಕ್ಕೆ ಅಸಲಿಯಂತಿದ್ದರೆ ಮಾಲೀಕನಿಗೆ ಅಷ್ಟು ಸಾಕಿತ್ತು. ನಂತರದ ಎರಡು ದಶಕಗಳಲ್ಲಿ ದಾಖಲೆ ಇಲ್ಲದವರ ಸಂಖ್ಯೆ 1 ಕೋಟಿ ದಾಟಿತು. ‘ಮೊದಲು ಸಕ್ರಮ, ಆಮೇಲೆ ತಡೆ’ ಎಂದರೆ ತಡೆ ಬರುವುದೇ ಇಲ್ಲ ಎಂದು ರಿಪಬ್ಲಿಕನ್ನರು ಇವತ್ತಿಗೂ ಹಟ ಹಿಡಿಯುವುದರ ಬೇರು ಇಲ್ಲಿದೆ.

ಗಮನಿಸಿ, 1986ರದ್ದು ಸಂಸತ್ತು ಮಾಡಿದ ಕಾಯ್ದೆ. (ಅಲ್ಲಿನ ಸಂಸತ್ತಿನ ಹೆಸರು ಕಾಂಗ್ರೆಸ್. ನಮ್ಮ ಓದುಗರಿಗೆ ಪಕ್ಷದ ಗೊಂದಲ ಬೇಡವೆಂದು ಸಂಸತ್ತು ಎಂದೇ ಬರೆಯುತ್ತೇನೆ.) ನೀವು ಕೇಳಿದ ‘ಅಧ್ಯಕ್ಷರ ಕ್ಷಮಾದಾನ’ ಬೇರೆಯೇ ವಸ್ತು. ನಮ್ಮ ರಾಷ್ಟ್ರಪತಿಗಳು ಅಧಿವೇಶನ ಇಲ್ಲದಾಗ ಸುಗ್ರೀವಾಜ್ಞೆ ಹೊರಡಿಸಬಹುದು. ಅಮೆರಿಕದ ಅಧ್ಯಕ್ಷರಿಗೆ ಆ ಅಧಿಕಾರವಿಲ್ಲ. ಅವರ ಕೈಯಲ್ಲಿರುವುದು ಕಾನೂನು ಜಾರಿ ಮಾಡುವಾಗ ಯಾರನ್ನು ಮೊದಲು ಹಿಡಿಯಬೇಕು, ಯಾರನ್ನು ಸದ್ಯಕ್ಕೆ ಬಿಡಬೇಕು ಎಂಬ ವಿವೇಚನೆ. ಒಂದು ಕೋಟಿಗೂ ಹೆಚ್ಚು ಜನರಲ್ಲಿ ವರ್ಷಕ್ಕೆ ಸುಮಾರು 4 ಲಕ್ಷ ಜನರನ್ನು ಗಡೀಪಾರು ಮಾಡುವಷ್ಟು ಹಣವನ್ನಷ್ಟೇ ಸಂಸತ್ತು ಕೊಡುತ್ತಿದೆ ಎಂದು 2014ರಲ್ಲಿ ಸರ್ಕಾರವೇ ಲೆಕ್ಕ ಹೇಳಿತ್ತು. ಉಳಿದವರನ್ನು ಹೇಗೂ ಮುಟ್ಟಲಾಗದು ಅಂದಮೇಲೆ ಆರಿಸಲೇಬೇಕು. ಕಳ್ಳನನ್ನೂ ಹೆಲ್ಮೆಟ್ ಇಲ್ಲದವನನ್ನೂ ಒಟ್ಟಿಗೆ ಕಂಡ ಪೇದೆ ಕಳ್ಳನ ಹಿಂದೆ ಓಡುವ ಹಾಗೆ.

ಜಗಳ ಶುರುವಾದದ್ದು ಆ ವಿವೇಚನೆಗೆ ಅರ್ಜಿ ನಮೂನೆ, ಶುಲ್ಕ, ಕಾರ್ಡು ಎಲ್ಲ ಬಂದಾಗ. ಚಿಕ್ಕಂದಿನಲ್ಲಿ ತಂದೆತಾಯಿ ಕರೆತಂದ ಮಕ್ಕಳಿಗೆ ದಾರಿ ಮಾಡಿಕೊಡುವ ‘ಡ್ರೀಮ್’ ಮಸೂದೆ 2001ರಲ್ಲಿ ಮೊದಲ ಸಲ ಮಂಡನೆಯಾಯಿತು. 2010ರ ಡಿಸೆಂಬರ್‌ನಲ್ಲಿ ಸೆನೆಟ್‌ನಲ್ಲಿ (ಅಲ್ಲಿನ ಮೇಲ್ಮನೆ) 55 ಮತ ಬಿದ್ದರೂ ಚರ್ಚೆ ಮುಗಿಸಿ ಮತಕ್ಕೆ ಹಾಕಲು 60 ಬೇಕಾಗಿದ್ದರಿಂದ ಅಲ್ಲೇ ನಿಂತಿತು. ಇಂಥವರ ಗಡೀಪಾರನ್ನು ಆದೇಶದ ಮೂಲಕ ನಿಲ್ಲಿಸುವ ಅಧಿಕಾರ ತನಗಿಲ್ಲ ಎಂದು 2011ರಲ್ಲಿ ಸಾರ್ವಜನಿಕವಾಗಿ ಹೇಳಿದ್ದ ಬರಾಕ್ ಒಬಾಮಾ, 2012ರ ಜೂನ್ 15ರಂದು ‘ಡಾಕಾ’ ಪ್ರಕಟಿಸಿದರು. 16 ವರ್ಷ ತುಂಬುವ ಮೊದಲು ಬಂದವರು, 2007ರ ಜೂನ್ 15ರಿಂದ ಅಲ್ಲೇ ಇರುವವರು ಅರ್ಜಿ ಹಾಕಿದರೆ ಎರಡು ವರ್ಷ ಗಡೀಪಾರು ಇಲ್ಲ, ಜೊತೆಗೆ ಕೆಲಸದ ಪರವಾನಗಿ. 8 ಲಕ್ಷಕ್ಕೂ ಹೆಚ್ಚು ಜನ ಇದರ ಪ್ರಯೋಜನ ಪಡೆದರು. 2014ರ ನವೆಂಬರ್ 20ರಂದು ಇದನ್ನೇ ಹಿಗ್ಗಿಸಿ, ಅಮೆರಿಕದಲ್ಲಿ ಹುಟ್ಟಿದ ಮಕ್ಕಳಿರುವ ತಂದೆತಾಯಂದಿರಿಗಾಗಿ ‘ಡಾಪಾ’ ಪ್ರಕಟವಾಯಿತು. ಸುಮಾರು 40 ಲಕ್ಷ ಜನರಿಗೆ ಅನ್ವಯವಾಗಬಹುದಾಗಿದ್ದ ಯೋಜನೆ. ಟೆಕ್ಸಾಸ್ ಮುಂದಾಳಾಗಿ 26 ರಾಜ್ಯಗಳು ಕೋರ್ಟಿಗೆ ಹೋದವು. ಟೆಕ್ಸಾಸ್ ಮುಂದಿಟ್ಟ ನಷ್ಟ ಏನು ಗೊತ್ತೇ? ಇಷ್ಟು ಜನರಿಗೆ ಡ್ರೈವಿಂಗ್ ಲೈಸೆನ್ಸ್ ಮಾಡಿಕೊಡುವ ಖರ್ಚು! ಆ ವಾದ ನಿಂತಿತು. 2015ರ ಫೆಬ್ರುವರಿಯಲ್ಲಿ ಬ್ರೌನ್ಸ್‌ವಿಲ್‌ನ ಜಿಲ್ಲಾ ನ್ಯಾಯಾಧೀಶ ಆಂಡ್ರ್ಯೂ ಹೇನನ್ ತಡೆ ಕೊಟ್ಟರು. 2016ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 4–4 ಎಂದು ಸಮನಾಗಿ ಒಡೆದದ್ದರಿಂದ ಆ ತಡೆಯೇ ಉಳಿಯಿತು. ಡಾಪಾದಲ್ಲಿ ಒಬ್ಬರಿಗೂ ಕಾರ್ಡು ಸಿಗಲಿಲ್ಲ.

ಈಗ ನೀವು ಕೇಳಿದ ಮಸೂದೆಗಳು. ಅವು ಒಂದಲ್ಲ, ಸಾಲು ಸಾಲು. 2011ರಲ್ಲಿ ಟೆಕ್ಸಾಸ್‌ನ ಸಂಸದ ಲಾಮಾರ್ ಸ್ಮಿತ್ ತಂದ ‘ಹಾಲ್ಟ್’ ಮಸೂದೆ, ಇಂಥ ವಿನಾಯಿತಿ ಕೊಡುವ ಹಲವು ಅಧಿಕಾರಗಳನ್ನು ಒಬಾಮಾ ಅವರ ಮೊದಲ ಅವಧಿ ಮುಗಿಯುವವರೆಗೆ ಅಮಾನತಿನಲ್ಲಿಡುವಂಥದ್ದು. ಒಬ್ಬ ಅಧ್ಯಕ್ಷರ ಅವಧಿಗೆ ಮಾತ್ರ ಅನ್ವಯಿಸುವ ಕಾನೂನು ಎಂದರೆ ಅದು ತತ್ತ್ವದ ಮಾತಾಗಿ ಉಳಿಯುವುದಿಲ್ಲ. ಅಲ್ಲೇ ಅದರ ಬಲ ಕುಗ್ಗಿತು. 2014ರ ಡಿಸೆಂಬರ್ 4ರಂದು ಕೆಳಮನೆ 219–197 ಮತಗಳಿಂದ ಸಂಸದ ಟೆಡ್ ಯೋಹೋ ಅವರ ಮಸೂದೆಯನ್ನು ಅಂಗೀಕರಿಸಿತು. ಒಂದು ಇಡೀ ಗುಂಪಿಗೆ ಗಡೀಪಾರಿನಿಂದ ವಿನಾಯಿತಿ ಕೊಡುವ ಅಧಿಕಾರ ಕಾರ್ಯಾಂಗಕ್ಕಿಲ್ಲ ಎಂಬುದು ಅದರ ಸಾರ. ಮರುತಿಂಗಳು ಇನ್ನೊಂದು ದಾರಿ ಹಿಡಿದರು: ಗೃಹಭದ್ರತಾ ಇಲಾಖೆಯ ಬಜೆಟ್ಟಿಗೇ ತಿದ್ದುಪಡಿ ಸೇರಿಸಿ ಡಾಕಾ, ಡಾಪಾಗಳಿಗೆ ಒಂದು ಡಾಲರ್ ಕೂಡ ಖರ್ಚಾಗದಂತೆ ಮಾಡುವುದು. ಸೆನೆಟ್‌ನಲ್ಲಿ ಅದೇ 60ರ ಗೋಡೆಗೆ ಬಡಿದು, ಮಾರ್ಚ್ ಹೊತ್ತಿಗೆ ತಿದ್ದುಪಡಿಗಳಿಲ್ಲದ ಬಜೆಟ್ ಪಾಸಾಯಿತು. 2023ರ ಮೇ ತಿಂಗಳಲ್ಲಿ ಕೆಳಮನೆ 219–213ರಿಂದ ಇನ್ನೂ ದೊಡ್ಡದೊಂದು ಮಸೂದೆ ಅಂಗೀಕರಿಸಿತು. ಗಡಿಗೋಡೆ, ಎಲ್ಲ ಮಾಲೀಕರಿಗೂ ಕಡ್ಡಾಯ ಇ-ವೆರಿಫೈ (ಕೆಲಸಗಾರರ ದಾಖಲೆಯನ್ನು ಆನ್‌ಲೈನ್‌ನಲ್ಲಿ ಪರಿಶೀಲಿಸುವ ವ್ಯವಸ್ಥೆ), ‘ಪೆರೋಲ್’ ಅಧಿಕಾರಕ್ಕೆ ಬಿಗಿ ಹಗ್ಗ. (ಇದು ಜೈಲಿನ ಪೆರೋಲ್ ಅಲ್ಲ. ವೀಸಾ ಇಲ್ಲದವರನ್ನು ಮಾನವೀಯ ಕಾರಣಕ್ಕೆ ತಾತ್ಕಾಲಿಕವಾಗಿ ಒಳಬಿಡುವ ಅಧಿಕಾರ.) ಅದೂ ಸೆನೆಟ್ ದಾಟಲಿಲ್ಲ.

ದಾಟಿದ್ದು ‘ಲೇಕನ್ ರೈಲಿ’ ಕಾಯ್ದೆ. 2025ರ ಜನವರಿ 29ರಂದು ಡೊನಾಲ್ಡ್ ಟ್ರಂಪ್ ಸಹಿ ಹಾಕಿದರು. ಅಂಗಡಿ ಕಳವಿನಂಥ ಆರೋಪ ಬಂದರೂ ದಾಖಲೆ ಇಲ್ಲದವರನ್ನು ಬಂಧನದಲ್ಲಿಡಬೇಕು ಎಂಬ ಭಾಗವನ್ನಷ್ಟೇ ನಮ್ಮ ಪತ್ರಿಕೆಗಳು ಬರೆದವು. ನನಗೆ ಹೆಚ್ಚು ಮುಖ್ಯ ಅನ್ನಿಸುವುದು ಅದರ ಎರಡನೆಯ ಭಾಗ. ಕೇಂದ್ರವು ಪೆರೋಲ್ ಮೊದಲಾದ ಅಧಿಕಾರಗಳನ್ನು ಮೀರಿ ಬಳಸಿದರೆ ರಾಜ್ಯಗಳ ಅಟಾರ್ನಿ ಜನರಲ್‌ಗಳು ನೇರ ದಾವೆ ಹೂಡಬಹುದು, ರಾಜ್ಯಕ್ಕೆ 100 ಡಾಲರ್‌ಗಿಂತ ಹೆಚ್ಚು ನಷ್ಟವಾಗಿದೆ ಎಂದು ತೋರಿಸಿದರೆ ಸಾಕು. ಅಂದು ಲೈಸೆನ್ಸ್ ಖರ್ಚಿನ ಲೆಕ್ಕ ಹಿಡಿದು ಟೆಕ್ಸಾಸ್ ಏರಿದ ಮೆಟ್ಟಿಲಿಗೆ ಈಗ ಹಿಡಿದು ಹತ್ತಲು ಕಂಬಿಯನ್ನೂ ಹಾಕಿಕೊಟ್ಟಂತಾಯಿತು.

ಇನ್ನು ನಿಮ್ಮ ಮನೆಯ ಮಾತು. ಮುಂದಿನ ಸಲ ವಿಡಿಯೋ ಕಾಲ್ ಮಾಡಿದಾಗ ಸೊಸೆಗೆ ತನ್ನ ಇಎಡಿ ಕಾರ್ಡ್ ತೋರಿಸಲು ಹೇಳಿ. ಫೋಟೋದ ಪಕ್ಕ ‘ಕ್ಯಾಟಗರಿ’ ಎಂಬ ಒಂದು ಸಣ್ಣ ಸಾಲು ಇರುತ್ತದೆ. ಅಲ್ಲಿ ‘ಸಿ26’ ಎಂದು ಅಚ್ಚಾಗಿರುತ್ತದೆ. ಡಾಕಾ ಹುಡುಗನ ಕಾರ್ಡಿನಲ್ಲಿ ಅದೇ ಜಾಗದಲ್ಲಿ ‘ಸಿ33’. ಎಂಎಸ್ ಮುಗಿಸಿ ಒಪಿಟಿಯಲ್ಲಿ (ಓದು ಮುಗಿದ ಮೇಲೆ ವಿದ್ಯಾರ್ಥಿಗಳಿಗೆ ಸಿಗುವ ತಾತ್ಕಾಲಿಕ ಕೆಲಸದ ಅನುಮತಿ) ಕೆಲಸ ಮಾಡುವ ಮೈಸೂರಿನ ಹುಡುಗಿಯ ಕಾರ್ಡಿನಲ್ಲಿ ‘ಸಿ03ಬಿ’. ಕಾರ್ಡಿನ ಆಕಾರ, ಬಣ್ಣ, ಕೊಟ್ಟ ಇಲಾಖೆ ಎಲ್ಲ ಒಂದೇ. ಅಂಕಿ ಮಾತ್ರ ಬೇರೆ.

ಯಾಕೆಂದರೆ ಮೂರರ ಬುಡವೂ ಒಂದೇ. ಎಚ್-4 ಸಂಗಾತಿಗಳು ಕೆಲಸ ಮಾಡಬಹುದು ಎಂದು ಸಂಸತ್ತಿನ ಯಾವ ಕಾಯ್ದೆಯೂ ಹೇಳುವುದಿಲ್ಲ. ಒಬಾಮಾ ಸರ್ಕಾರದ ಇಲಾಖೆಯೊಂದು ನಿಯಮ ರೂಪಿಸಿ 2015ರ ಮೇ 26ರಿಂದ ಜಾರಿಗೆ ತಂದದ್ದು ಅದು. ಒಪಿಟಿಯೂ ನಿಯಮದ ಕೂಸೇ. ಈ ನಿಯಮಗಳನ್ನು ಸಮರ್ಥಿಸುವಾಗ ಸರ್ಕಾರ ಕೈ ತೋರಿಸುವುದು 1986ರ ಕಾಯ್ದೆಯ ಒಂದು ತುಣುಕಿನ ಕಡೆಗೆ. ಯಾರು ಕೆಲಸ ಮಾಡಲು ಅರ್ಹರು ಎಂಬ ವ್ಯಾಖ್ಯೆಯಲ್ಲಿ, ಈ ಕಾಯ್ದೆಯಿಂದ ‘ಅಥವಾ ಅಟಾರ್ನಿ ಜನರಲ್ ಅವರಿಂದ’ ಅನುಮತಿ ಪಡೆದವರು ಎಂದಿದೆ. ಆ ‘ಅಥವಾ’ದ ಮೇಲೆ ಲಕ್ಷಾಂತರ ಕುಟುಂಬಗಳ ಮನೆಸಾಲದ ಕಂತು ನಡೆಯುತ್ತಿದೆ. ಡಾಪಾ ಮೊಕದ್ದಮೆಯಲ್ಲಿ ಟೆಕ್ಸಾಸ್ ಭಾಗದ ಮೇಲ್ಮನವಿ ಕೋರ್ಟ್ ಆದ ಐದನೇ ಸರ್ಕ್ಯೂಟ್ ಕೋರ್ಟ್, ವ್ಯಾಖ್ಯೆಯ ಮೂಲೆಯಲ್ಲಿರುವ ಆ ಮಾತಿಗೆ ಇಷ್ಟು ದೊಡ್ಡ ಅಧಿಕಾರ ಹೊರಿಸಲಾಗದು ಎಂದಿತು. ಎಚ್-4 ಮೊಕದ್ದಮೆಯಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ಕೋರ್ಟ್ 2024ರ ಆಗಸ್ಟ್‌ನಲ್ಲಿ ನಿಯಮವನ್ನು ಎತ್ತಿಹಿಡಿಯಿತು, 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಪ್ರಕರಣ ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ. ಸದ್ಯಕ್ಕೆ ಕಾರ್ಡು ಉಳಿದಿದೆ. ಆದರೆ ಕಾರ್ಯಾಂಗದ ಕ್ಷಮಾದಾನ ನಿಲ್ಲಿಸುವ ಸರಳ ದಾರಿ ಹುಡುಕುವ ಯಾವ ಸಂಸದನಿಗಾದರೂ ಮೊದಲು ಕಾಣುವುದು ಕೆಲಸದ ಅನುಮತಿಯ ಈ ಅಧಿಕಾರವೇ. ಅದಕ್ಕೆ ಕತ್ತರಿ ಬಿದ್ದರೆ ಸಿ33 ಜೊತೆಗೆ ಸಿ26 ಕೂಡ ಬೀಳುತ್ತದೆ. ಗಡಿ ಹಾರಿ ಬಂದವರಾರು, ಚೆನ್ನೈ ಕಾನ್ಸುಲೇಟಿನಲ್ಲಿ ಬೆರಳಚ್ಚು ಕೊಟ್ಟು ಬಂದವರಾರು ಎಂದು ಕತ್ತರಿ ವಿಚಾರಿಸುವುದಿಲ್ಲ.

ದಾವಣಗೆರೆಯ ಕಡೆಯ ಒಬ್ಬ ದಂತವೈದ್ಯೆ ಹಲವು ವರ್ಷಗಳ ಹಿಂದೆ ನನ್ನ ಕಚೇರಿಗೆ ಬಂದಿದ್ದರು. ಕಾರ್ಡಿನ ನವೀಕರಣ ತಡವಾಗಿ ಕೆಲಸ ಬಿಡಬೇಕಾಗಿ ಬಂದಿತ್ತು. ಅವರು ಮೇಜಿನ ಮೇಲೆ ಹರಡಿದ ಫೈಲಿನಲ್ಲಿ ಒಂದು ಕಾಗದವೂ ಹೆಚ್ಚುಕಡಿಮೆ ಇರಲಿಲ್ಲ. ‘ಸಾರ್, ನಾವೇನು ತಪ್ಪು ಮಾಡಿದ್ವಿ?’ ಎಂದರು. ಏನೂ ಮಾಡಿರಲಿಲ್ಲ. ಪೆನ್ನಿನಿಂದ ಬಂದದ್ದು ಪೆನ್ನಿನಿಂದಲೇ ಹೋಗಬಹುದು ಎಂಬ ಜಾಗದಲ್ಲಿ ನಿಂತಿದ್ದರು, ಅಷ್ಟೇ. ಹಾಗಾಗಿಯೇ ನನ್ನ ನಿಲುವು ಇಷ್ಟು: ಯಾರು ದೇಶದಲ್ಲಿ ಉಳಿಯಬೇಕು, ದುಡಿಯಬೇಕು ಎಂಬುದನ್ನು ಸಂಸತ್ತು ನಿರ್ಧರಿಸಬೇಕು ಎಂಬ ತತ್ತ್ವ ಸರಿ. ಆದರೆ ಇರುವ ಅನುಮತಿ ಕಿತ್ತು, ಅದರ ಜಾಗದಲ್ಲಿ ಕಾಯ್ದೆ ಮಾಡದ ಮಸೂದೆ ಅರ್ಧ ಕೆಲಸ. ಆ ಅರ್ಧದ ಪೆಟ್ಟು ಬೀಳುವುದು ನಿಯಮ ಪಾಲಿಸಿದವರ ಮೇಲೂ ಹೌದು.

ಇನ್ನೊಂದು ಕಾಣದ ಕೊಂಡಿ ಇದೆ. ತನ್ನ ಪ್ರಜೆಗಳನ್ನು ವಾಪಸ್ ಕರೆಸಿಕೊಳ್ಳಲು ಸತಾಯಿಸುವ ದೇಶಕ್ಕೆ ವೀಸಾ ಕೊಡುವುದನ್ನೇ ನಿಲ್ಲಿಸಬಹುದು ಎಂಬ ಕಲಂ ಅಮೆರಿಕದ ವಲಸೆ ಕಾಯ್ದೆಯಲ್ಲಿ ಹಿಂದಿನಿಂದಲೂ ಇದೆ. ಲೇಕನ್ ರೈಲಿ ಕಾಯ್ದೆ ಬಂದ ಮೇಲೆ ಅದನ್ನು ಜಾರಿ ಮಾಡಿಸಲು ಒಂದು ರಾಜ್ಯದ ಅಟಾರ್ನಿ ಜನರಲ್ ಕೋರ್ಟಿಗೆ ಹೋಗಬಹುದು. 2024ರ ನವೆಂಬರ್‌ನಲ್ಲಿ ಅಲ್ಲಿನ ವಲಸೆ ಜಾರಿ ಇಲಾಖೆ ಸಿದ್ಧಪಡಿಸಿದ ಪಟ್ಟಿಯಲ್ಲಿ ಅಂತಿಮ ಗಡೀಪಾರು ಆದೇಶ ಆಗಿಯೂ ಅಲ್ಲೇ ಇದ್ದ ಭಾರತೀಯರು ಸುಮಾರು 18 ಸಾವಿರ, ಮತ್ತು ಸಹಕಾರ ಕೊಡದ ದೇಶಗಳ ಸಾಲಿನಲ್ಲಿ ಭಾರತದ ಹೆಸರೂ ಇತ್ತು. 2025ರ ಫೆಬ್ರುವರಿ 5ರಂದು 104 ಜನರನ್ನು ಕೈಕಾಲಿಗೆ ಬೇಡಿ ಹಾಕಿ ಸೇನಾ ವಿಮಾನದಲ್ಲಿ ಅಮೃತಸರಕ್ಕೆ ತಂದಿಳಿಸಿದ ದೃಶ್ಯ ನೋಡಿ ನಮಗೆಲ್ಲ ನೋವಾಯಿತು. ಆ ರೀತಿ ಅಮಾನವೀಯ ಎಂದು ನಾನು ಅಂದೂ ಹೇಳಿದ್ದೆ, ಇಂದೂ ಹೇಳುತ್ತೇನೆ. ಆದರೆ ಅವರನ್ನು ಭಾರತ ಒಪ್ಪಿಕೊಂಡದ್ದಕ್ಕೂ ನಿಮ್ಮ ಮಗನ ಪಾಸ್‌ಪೋರ್ಟಿನಲ್ಲಿ ಮುಂದಿನ ಸ್ಟ್ಯಾಂಪಿಂಗ್ ಆಗುವುದಕ್ಕೂ ಹೀಗೊಂದು ಸಂಬಂಧವಿದೆ.

ಈ ಮಸೂದೆಗಳ ಬಗ್ಗೆ ನನ್ನ ದೊಡ್ಡ ಆಕ್ಷೇಪ ಬೇರೆ. ಅವು ಕಟ್ಟಿಹಾಕುವುದು ಅಧ್ಯಕ್ಷರ ಕೊಡುವ ಕೈಯನ್ನು ಮಾತ್ರ. ತಡೆಯುವ ಕೈ ಬಿಡುವಾಗಿಯೇ ಇರುತ್ತದೆ. ದೇಶದ ಹಿತಕ್ಕೆ ಮಾರಕ ಅನ್ನಿಸಿದರೆ ಯಾವುದೇ ವಿದೇಶಿಯರ ಪ್ರವೇಶವನ್ನು ನಿಲ್ಲಿಸಬಹುದು ಎಂಬ ಕಲಂ ಒಂದಿದೆ. ಕೆಲವು ದೇಶಗಳವರ ಮೇಲಿನ 2017ರ ಪ್ರಯಾಣ ನಿಷೇಧ ಅದರಡಿ ಬಂತು, 2018ರಲ್ಲಿ ಸುಪ್ರೀಂ ಕೋರ್ಟ್ 5–4ರಿಂದ ಒಪ್ಪಿತು. ಹೊಸ ಎಚ್-1ಬಿ ಅರ್ಜಿಗಳಿಗೆ 1 ಲಕ್ಷ ಡಾಲರ್ ಎಂಬ 2025ರ ಸೆಪ್ಟೆಂಬರ್ 19ರ ಘೋಷಣೆಗೂ ಅದೇ ಕಲಂ ಆಧಾರ. ಒಂದು ಶುಕ್ರವಾರ ಸಂಜೆ ಬಂದ ಆ ಸುದ್ದಿ ಕೇಳಿ, ರಜೆಗೆ ಊರಿಗೆ ಬಂದಿದ್ದ ಎಷ್ಟು ಮಕ್ಕಳು ಹಬ್ಬಕ್ಕೂ ನಿಲ್ಲದೆ ವಿಮಾನ ನಿಲ್ದಾಣಕ್ಕೆ ಓಡಿದರು! ಈ ಅಧಿಕಾರಕ್ಕೆ ಮಿತಿ ಹಾಕುವ ಮಸೂದೆಯನ್ನು ಕೆಳಮನೆ 2021ರ ಏಪ್ರಿಲ್‌ನಲ್ಲಿ 218–208ರಿಂದ ಅಂಗೀಕರಿಸಿತ್ತು, ಅದೂ ಸೆನೆಟ್‌ನಲ್ಲಿ ಉಳಿದುಹೋಯಿತು. ಅಧ್ಯಕ್ಷರು ಸಂಸತ್ತನ್ನು ಮೀರಬಾರದು ಎನ್ನುವವರು ಎರಡೂ ಕೈಗಳ ಬಗ್ಗೆ ಮಾತಾಡಬೇಕು.

ನಿಮ್ಮ ಮೊಮ್ಮಗಳ ವಿಷಯದಲ್ಲಿ ನನಗೆ ನಿಜವಾದ ಕಾಳಜಿ ಇದೆ. ಗ್ರೀನ್ ಕಾರ್ಡ್ ಸಿಗುವುದರೊಳಗೆ 21 ತುಂಬಿದರೆ ಅವಳು ‘ಏಜ್ ಔಟ್’ ಆಗುತ್ತಾಳೆ. ತಂದೆಯ ಅರ್ಜಿಯ ನೆರಳಿನಿಂದ ಹೊರಬಿದ್ದು ಸ್ವಂತ ವೀಸಾ ಹುಡುಕಬೇಕು. ಉದ್ಯೋಗ ಆಧಾರಿತ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000, ಒಂದು ದೇಶಕ್ಕೆ ಶೇ 7ರ ಮಿತಿ. ಆದ್ದರಿಂದ ಭಾರತೀಯರ ಸಾಲು ದಶಕಗಟ್ಟಲೆ ಉದ್ದ. ಡಾಕಾ ಇಂಥ ಮಕ್ಕಳಿಗೆ ಬಾಗಿಲು ತೆರೆಯಲಿಲ್ಲ. 2012ರ ಆ ದಿನ ಕಾನೂನುಬದ್ಧ ವೀಸಾ ಇಲ್ಲದವರಿಗೆ ಮಾತ್ರ ಅದು ಅನ್ವಯ. ನಿಯಮ ಪಾಲಿಸಿದ ಮನೆಯ ಮಗು ಎಂಬುದೇ ಅನರ್ಹತೆ. ದೇಶವಾರು ಮಿತಿ ತೆಗೆಯುವ ಮಸೂದೆ 2019ರ ಜುಲೈನಲ್ಲಿ ಕೆಳಮನೆಯಲ್ಲಿ 365–65ರಿಂದ ಗೆದ್ದಿತು. 2020ರ ಡಿಸೆಂಬರ್‌ನಲ್ಲಿ ಸೆನೆಟ್ ತನ್ನದೇ ಇನ್ನೊಂದು ರೂಪವನ್ನು ಅಂಗೀಕರಿಸಿತು. ಎರಡನ್ನೂ ಒಂದು ಮಾಡುವಷ್ಟರಲ್ಲಿ ಅವಧಿ ಮುಗಿಯಿತು. ಅವಳ ವಯಸ್ಸಿನ ಲೆಕ್ಕವನ್ನು ಈಗಲೇ ವಕೀಲರ ಹತ್ತಿರ ಮಾಡಿಸಿಡಿ. ಗ್ರೀನ್ ಕಾರ್ಡಿಗಾಗಿ ಕಂಪನಿ ಸಲ್ಲಿಸುವ ಐ-140 ಅರ್ಜಿ ಬಾಕಿ ಇದ್ದ ದಿನಗಳನ್ನು ವಯಸ್ಸಿನಿಂದ ಕಳೆಯಲು 2002ರ ಒಂದು ಕಾಯ್ದೆ ಅವಕಾಶ ಕೊಡುತ್ತದೆ. ಕೆಲವರಿಗೆ ಆ ತಿಂಗಳುಗಳೇ ಜೀವ ಉಳಿಸಿವೆ.

ಈಗ ನಿಮ್ಮ ತಂಗಿಯ ಮಗ. ಅವನಿಗೆ ಸಮಾಧಾನ ಹೇಳಿದವರು ಕೆಟ್ಟವರಿರಲಾರರು, ಆದರೆ ಅವರ ಮಾತಿಗೆ ಆಧಾರವಿಲ್ಲ. 1986ರ ನಂತರ ಸಾಮೂಹಿಕ ಸಕ್ರಮ ಆಗಿಲ್ಲ. ಬಹುಕಾಲದಿಂದ ನೆಲೆಸಿದವರಿಗೆ ಗ್ರೀನ್ ಕಾರ್ಡ್ ಕೊಡುವ ‘ರಿಜಿಸ್ಟ್ರಿ’ ಎಂಬ ಇನ್ನೊಂದು ದಾರಿಯ ಕಟ್‌ಆಫ್ ದಿನಾಂಕ 1972ರ ಜನವರಿ 1. ಅದನ್ನು ನಿಗದಿ ಮಾಡಿದ್ದೂ 1986ರಲ್ಲೇ, ಅಂದಿನಿಂದ ಒಂದು ದಿನವೂ ಮುಂದೆ ಸರಿದಿಲ್ಲ. ಡಾಕಾಕ್ಕೆ 2007ರ ಜೂನ್ 15ರೊಳಗೇ ಬಂದಿರಬೇಕು. ಇವನು ಹೋದದ್ದು 2019ರಲ್ಲಿ. ನಾಳೆ ಒಬ್ಬ ಉದಾರಿ ಅಧ್ಯಕ್ಷರು ಬಂದು ಏನಾದರೂ ಪ್ರಕಟಿಸಿದರೂ ಟೆಕ್ಸಾಸ್ ಅದೇ ವಾರ ಕೋರ್ಟಿನಲ್ಲಿರುತ್ತದೆ. ಇತ್ತ, ವೀಸಾ ಮೀರಿ ಉಳಿಯುವುದು ಇವತ್ತಿಗೆ ಸಿವಿಲ್ ಉಲ್ಲಂಘನೆ. 2005ರಲ್ಲಿ, 2023ರಲ್ಲಿ ಕೆಳಮನೆ ಒಪ್ಪಿದ ಮಸೂದೆಗಳು ಅದನ್ನು ಕ್ರಿಮಿನಲ್ ಅಪರಾಧ ಮಾಡುವಂಥವು. ಗಾಳಿ ಬೀಸುತ್ತಿರುವ ದಿಕ್ಕು ಅದು.

ಅವನಿಗೆ ಅನುಕೂಲವಾಗಬಹುದಾದ ಒಂದೇ ಅಂಶ ಇದೆ. 180 ದಿನ ಮೀರಿ ಅಕ್ರಮವಾಗಿ ಉಳಿದು ದೇಶ ಬಿಟ್ಟರೆ 3 ವರ್ಷ, ಒಂದು ವರ್ಷ ಮೀರಿದರೆ 10 ವರ್ಷ ಮರುಪ್ರವೇಶವಿಲ್ಲ ಎಂಬುದು 1996ರ ಕಾಯ್ದೆ. ಆದರೆ ಅವನು ಹೋದ ಕಾಲದಲ್ಲಿ ವಿದ್ಯಾರ್ಥಿಗಳ ಐ-94 ಎಂಬ ಪ್ರವೇಶ ದಾಖಲೆಯಲ್ಲಿ ಕೊನೆಯ ದಿನಾಂಕದ ಬದಲು ‘ಡಿ/ಎಸ್’ ಎಂಬ ಎರಡು ಅಕ್ಷರ ಇರುತ್ತಿತ್ತು, ಓದು ನಡೆಯುವವರೆಗೆ ಎಂದು ಅರ್ಥ. ಅಂಥವರು ಕೋರ್ಸ್ ಬಿಟ್ಟರೆ ಔಟ್ ಆಫ್ ಸ್ಟೇಟಸ್ (ವೀಸಾದ ಷರತ್ತು ಮೀರಿದವರು) ಆಗುತ್ತಾರೆ ನಿಜ, ಆದರೆ ಆ 180 ದಿನಗಳ ಎಣಿಕೆ ಶುರುವಾಗುವುದು ವಲಸೆ ಇಲಾಖೆ ಅಥವಾ ವಲಸೆ ನ್ಯಾಯಾಧೀಶರು ಹಾಗೆಂದು ತೀರ್ಮಾನಿಸಿದ ಮೇಲೆ. ಅಂಥ ತೀರ್ಮಾನ ಇನ್ನೂ ಆಗಿಲ್ಲದಿದ್ದರೆ ಅವನು ತಾನಾಗಿ ಊರಿಗೆ ಬಂದಾಗ 10 ವರ್ಷದ ಬೀಗ ಬೀಳದೆ ಇರಬಹುದು. ಮತ್ತೆ ವೀಸಾ ಸಿಗುವುದು ಕಷ್ಟ, ಅನುಮತಿ ಇಲ್ಲದೆ ದುಡಿದದ್ದನ್ನು ಮುಚ್ಚಿಡಲೂ ಬಾರದು. ಆದರೂ ವಯಸ್ಸಿದೆ, ಬೇರೆ ದೇಶಗಳಿವೆ, ಊರಿದೆ.

ಎರಡು ಗುಂಡಿಗಳಿಗೆ ಅವನು ಬೀಳದಂತೆ ನೋಡಿಕೊಳ್ಳಿ. ‘ಇಲ್ಲಿ ಹೆಸರು ನೋಂದಾಯಿಸು, ಕ್ಲಾಸಿಗೆ ಬರುವುದು ಬೇಡ’ ಎನ್ನುವ ಕಾಲೇಜು ಒಂದು. ಮಿಷಿಗನ್‌ನ ಫಾರ್ಮಿಂಗ್‌ಟನ್ ವಿಶ್ವವಿದ್ಯಾಲಯ ಎಂಬುದನ್ನು ಅಲ್ಲಿನ ಗೃಹಭದ್ರತಾ ಇಲಾಖೆಯೇ ಬಲೆಯಾಗಿ ತೆರೆದಿತ್ತು. 2019ರಲ್ಲಿ ಅದು ಬಯಲಾದಾಗ ಸಿಕ್ಕಿಬಿದ್ದ ನೂರಾರು ವಿದ್ಯಾರ್ಥಿಗಳಲ್ಲಿ ಬಹುಪಾಲು ಭಾರತೀಯರು. ಇನ್ನೊಂದು, ಯಾರೋ ಬರೆದುಕೊಟ್ಟ ಕಟ್ಟುಕಥೆಗೆ ಸಹಿ ಹಾಕಿ ಆಶ್ರಯ ಕೋರುವುದು. ಸುಳ್ಳು ಎಂದು ತೀರ್ಮಾನವಾದರೆ ಅವನಿಗೆ ವಲಸೆಯ ಹೆಚ್ಚುಕಡಿಮೆ ಎಲ್ಲ ಬಾಗಿಲುಗಳೂ ಶಾಶ್ವತವಾಗಿ ಮುಚ್ಚುತ್ತವೆ.

ಇವತ್ತು ರಾತ್ರಿಯೇ ಅವನಿಗೆ ಫೋನ್ ಮಾಡಿ. ಬೈಯಬೇಡಿ, ಹೆದರಿದವನು ಫೋನ್ ತೆಗೆಯುವುದನ್ನೇ ನಿಲ್ಲಿಸುತ್ತಾನೆ. ಪಾಸ್‌ಪೋರ್ಟ್ ಸಂಖ್ಯೆ ಹಾಕಿ ಅಮೆರಿಕದ ಗಡಿ ಇಲಾಖೆಯ ಜಾಲತಾಣದಿಂದ ಐ-94 ತೆಗೆದು, ಅದರಲ್ಲಿ ದಿನಾಂಕವಿದೆಯೋ ‘ಡಿ/ಎಸ್’ ಇದೆಯೋ ನೋಡಿ ನಿಮಗೆ ಕಳಿಸಲಿ. ಆಮೇಲೆ ಕೇಳಬೇಕಾದ್ದು, ವಲಸೆ ಕೋರ್ಟಿನಿಂದ ನೋಟಿಸು ಬಂದಿದೆಯೇ ಎಂದು. ಬಂದಿದ್ದರೆ ವಕೀಲರನ್ನು ಕೇಳದೆ ಟಿಕೆಟ್ ಕೂಡ ತೆಗೆಯಬಾರದು. ವಿಚಾರಣೆಯ ದಿನ ಹಾಜರಿರದಿದ್ದರೆ ಗೈರುಹಾಜರಿಯಲ್ಲೇ ಗಡೀಪಾರು ಆದೇಶ ಆಗುತ್ತದೆ. ‘ಬಂದಿಲ್ಲ ದೊಡ್ಡಮ್ಮ’ ಎಂದರೆ ಅಷ್ಟಕ್ಕೇ ಬಿಡಬೇಡಿ. ಕಾಲೇಜು ಬಿಟ್ಟ ಮೇಲೆ ಮನೆ ಬದಲಿಸಿದ್ದಾನೆಯೇ, ಹಳೆಯ ರೂಮಿನ ವಿಳಾಸಕ್ಕೆ ಬಂದ ಕಾಗದಗಳನ್ನು ಯಾರಾದರೂ ತೆಗೆದಿಟ್ಟಿದ್ದಾರೆಯೇ ಎಂದು ವಿಚಾರಿಸಿ. ಇಲಾಖೆ ತನ್ನ ಹತ್ತಿರ ಇರುವ ವಿಳಾಸಕ್ಕೇ ಕಳಿಸಿರುತ್ತದೆ.